ಕತ್ತಲಕೋಣೆಗೆ ನೀಲಿ

ಬೆಟಗೇರಿಯ ನಮ್ಮ ಸ್ಟುಡಿಯೋದ ಹಿಂದಿನ ಕತ್ತಲಕೋಣೆ
ಹದಿನೆಂಟು ವರ್ಷ ಖಾಲಿ ಬಿದ್ದಿತ್ತು.
ಫಿಕ್ಸರಿನ ಹುಳಿವಾಸನೆ ಗೋಡೆ ಬಿಟ್ಟಿರಲಿಲ್ಲ,
ಅಪ್ಪ ಫೋಟೋ ಒಣಹಾಕುತ್ತಿದ್ದ ತಂತಿಗೆ ಇನ್ನೂ ಎರಡು ಕ್ಲಿಪ್ಪು.
ಅಲ್ಲೇ ಈಗ ಎಂಬತ್ತು ಲೀಟರು ಕಡಲು.

ಕಡಲೆಂದರೆ ಪುಡಿ ಉಪ್ಪು, ಆರ್‌ಓ ನೀರು, ಒಂದು ಪಂಪು.
ಸಾರಿಗೆ ಹಾಕುವ ಉಪ್ಪಲ್ಲವೆಂದು ವೈನಿಗೆ ಮೂರು ಸಲ ಹೇಳಿದ್ದೇನೆ.
ಹವಳವೂ ಅಷ್ಟೆ: ಹುಬ್ಬಳ್ಳಿಯಲ್ಲಿ ಯಾರದೋ ತೊಟ್ಟಿಯಲ್ಲಿ ಹುಟ್ಟಿ
ಥರ್ಮಾಕೋಲ್ ಡಬ್ಬಿಯೊಳಗೆ ಅಣ್ಣಿಗೇರಿ ದಾಟಿ
ಬಸ್ಸಿನಲ್ಲಿ ಬಂದದ್ದು. ಸಮುದ್ರ ಕಂಡಿಲ್ಲ.
ನಾನು ಒಮ್ಮೆ ಕಂಡಿದ್ದೇನೆ, ಗೋಕರ್ಣದಲ್ಲಿ,
ಬೀಗರ ಗುಂಪಿನ ಬೆನ್ನ ಹಿಂದೆ, ಫ್ಲ್ಯಾಶ್ ಹೊಡೆಯುವಷ್ಟು ಹೊತ್ತು.

ದೀಪ ಆರಿಸುವುದೇ ಒಂದು ಪಂಚಾಯ್ತಿ.
ಅಂಗಡಿಯವನು ಮಗ್ಗಿ ಒಪ್ಪಿಸಿದ: ವ್ಯಾಟು, ಲೆನ್ಸು, ಕೆಲ್ವಿನ್ನು, ಚಾನೆಲ್ಲು.
"ಕಣ್ಣಿಗೆ ಬೆಳ್ಳಗ ಕಂಡದ್ದು ಹವಳಕ್ಕ ಊಟ ಅಲ್ರೀ.
ನೀಲಿ ಅದರ ರೊಟ್ಟಿ. ಬಿಳಿ ಅಂದ್ರ ಬರೇ ಶೇಂಗಾ ಹಿಂಡಿ."
ನಗು ಬಂತು. ಬೆಳಕು ಅಳೆದೇ ಉಂಡ ಮನೆತನ ನಮ್ಮದು,
ಅಪ್ಪ ಗಿರಾಕಿಯ ಗಲ್ಲ ನೋಡಿ, ಮೀಟರಿಲ್ಲದೆ
ಎಫ್ ಎಂಟು ಅನ್ನುತ್ತಿದ್ದ.
ದುಬಾರಿಯದು ಬಿಟ್ಟು ನಡುಬೆಲೆಯದು ತಂದೆ.
ಗ್ಯಾರಂಟಿ ಒಂದು ವರ್ಷ. ಫ್ಯಾನಿನ ಗುಂಯ್‌ಗುಡುವಿಕೆ ಆಯುಷ್ಯಪೂರ್ತಿ.

ದಾವಲಸಾಬ ಬಂದ, ನಿಚ್ಚಣಿಕೆ ಹೆಗಲಿಗೆ.
"ಎಲ್ಲಿ ತೂಗಬೇಕ್ರಿ ಅಕ್ಕಾರ?"
ಮೇಲೆ ತೊಲೆಯಲ್ಲಿ ಕಬ್ಬಿಣದ ಕೊಂಡಿ.
ಕತ್ತಲಕೋಣೆಯಾಗುವ ಮುಂಚೆ ಇದು ಬಾಣಂತಿ ಕೋಣೆ,
ನಾನೂ ತಮ್ಮನೂ ಅದರಡಿ ತೂಗಿ ಮಲಗಿದವರು.
ಅವನು ಏನೂ ಕೇಳಲಿಲ್ಲ. ಎರಡು ಉಕ್ಕಿನ ತಂತಿ ಇಳಿಬಿಟ್ಟ,
ನೀರಿನ ಮೇಲೆ ಸರಿಯಾಗಿ ಒಂದು ಗೇಣಿಗೆ ನಿಲ್ಲಿಸಿದ,
ವೈರನ್ನು ಕೆಳಗೆ ಜೋಲಿಯಾಗಿ ಬಾಗಿಸಿದ:
"ಉಪ್ಪಿನ ಹನಿ ವೈರ್ ಹಿಡದ ಬರತಾವ. ಇಲ್ಲೇ ಬಿದ್ದು ಹೋಗ್ಲಿ,
ಪ್ಲಗ್ಗಿನ ಮಟಾ ಹೋಗೂದು ಬ್ಯಾಡ."

ನಾನು ಆಸೆಬುರುಕಿ. ಮೊದಲ ದಿನವೇ ನೂರಕ್ಕೆ ನೂರು.
ಉಸುಕಿನ ಮೇಲೆ ಬೆಳಕಿನ ಬಲೆ ಆಡಿತು,
ಓಣಿಯ ಹುಡುಗರು ಬಾಗಿಲಿಗೆ ಬಂದು ನಿಂತರು.
ಒಂಬತ್ತನೆಯ ದಿನ ಹವಳ
ಅಂಚಿನಿಂದ ಬೆಳ್ಳಗಾಗತೊಡಗಿತು,
ಬಾಯಿಗಳೆಲ್ಲ ಮುಚ್ಚಿ.

ಈ ಬಿಳುಪು ನನಗೆ ಗೊತ್ತು.
ನರೇಗಲ್ಲಿನಲ್ಲಿ ನಾನು ತೆಗೆದ ಮೊದಲ ಮದುವೆ,
ಮದುಮಗಳ ಮುಖವೆಲ್ಲ ಹೋಗಿ ಬರೇ ನತ್ತು ಉಳಿದಿತ್ತು.
ಅಪ್ಪ ಬೈಯಲಿಲ್ಲ.
"ಬಡಿಸಿದಿ, ಉಣ್ಣಾಕ ಬಿಡಲಿಲ್ಲ," ಅಂದಿದ್ದ ಇಷ್ಟೇ.

ಇಪ್ಪತ್ತಕ್ಕೆ ಇಳಿಸಿದೆ. ವಾರಕ್ಕೆ ಐದು ಏರಿಕೆ.
ಹತ್ತು ಗಂಟೆಗೆ ನೀಲಿ, ಮಧ್ಯಾಹ್ನ ಒಂದಿಷ್ಟು ಬಿಳಿ,
ಸಂಜೆ ಮತ್ತೆ ನೀಲಿ, ಏಳಕ್ಕೆ ಕತ್ತಲೆ.
ಕ್ಯಾಲೆಂಡರಿನ ತುಂಬ ಪೆನ್ಸಿಲ್ ಗೀಟು.
ಕರೆಂಟು ಹೋಗುತ್ತದೆ; ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು
ಆಗಲೂ ತಿರುಗುತ್ತವೆ, ಯಾರಿಗೋ.
ಪಂಪಿಗೆ ಬ್ಯಾಟರಿ ಕೊಟ್ಟೆ. ದೀಪಕ್ಕೆ ಕೊಡಲಿಲ್ಲ.
ಮೋಡದ ದಿನ ಅಂದುಕೊಳ್ಳಲಿ.

ಐದನೆಯ ವಾರ, ರಾತ್ರಿ ಹನ್ನೊಂದು.
ಬದುಕಿದೆಯೋ ಹೇಗೆ, ನೋಡಬೇಕು; ಬೆಳಕು ಹಚ್ಚಿದರೆ ಮುದುಡುತ್ತದೆ.
ಮೂಲೆಯಲ್ಲಿ ಅಪ್ಪನ ಕೆಂಪು ಬಲ್ಬು.
ಸ್ವಿಚ್ಚು ತಾನೇ ಕೈಗೆ ಸಿಕ್ಕಿತು.
ಹತ್ತಿತು!
ಕೆಂಪು ಕಾಣದ ಜೀವಗಳು, ಕತ್ತಲೆಂದೇ ತಿಳಿದು
ತೆರೆದುಕೊಂಡಿದ್ದವು. ಬೆಳ್ಳಗಾದ ಅಂಚಿನಲ್ಲೂ
ಕೂದಲೆಳೆಯಂಥ ಕೈಗಳು, ನೀರಿನಿಂದ ಏನನ್ನೋ ಹೆಕ್ಕುತ್ತ.

ತಟ್ಟೆಯೊಳಗಿನ ಖಾಲಿ ಕಾಗದದ ಮೇಲೆ
ಮೊದಲು ಕಣ್ಣು, ಆಮೇಲೆ ಮೂಗಿನ ನೆರಳು
ಹೀಗೆಯೇ ಏಳುತ್ತಿದ್ದವು,
ಸ್ಟೂಲಿನ ಮೇಲೆ ನಿಂತು ನಾನು ಎಣಿಸುತ್ತಿದ್ದೆ.
ಈಗಲೂ ಎಣಿಸಿದೆ. ಹದಿನೇಳು.
ಹೊರಗಿನಿಂದ ವೈನಿ ಬಾಗಿಲು ತಟ್ಟಿದಳು.
"ತೆರೀಬ್ಯಾಡ," ಅಂದೆ,
ಹಳೆಯ ರೂಢಿ.